ಬಾಣ ನಿಲ್ಲವಲ್ದು

ಜನವರಿ 9, 2007

ಕಳೆದ ವಾರ ಇಲಿ ಕೀಬೋರ್ಡಿನ ವಾಯರ್ ಕಡಿದು ಹಾಕಿತು. ಇವತ್ತು ಬೆಳಗಾವಿಗೆ ಹೋಗಿ ವಾಯರೇ ಇಲ್ಲದ ಸೆಟ್ ತಂದೆ. ಒಂದು ಕೀಬೋರ್ಡು, ಒಂದು ಮೌಸು, ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಸಣ್ಣ ಡಬ್ಬಿ. ಒತ್ತಿದ್ದು ಗಾಳಿಯಲ್ಲಿ ಹಾರಿ ಡಬ್ಬಿಗೆ ಹೋಗುತ್ತದಂತೆ. ಇದ್ದುದರಲ್ಲೇ ಅಗ್ಗದ್ದು. ಕಂಪನಿಯ ಹೆಸರು ನಾನು ಕೇಳಿದ್ದಲ್ಲ; ಮಾರಿದವನೂ ಕೇಳಿದ್ದಲ್ಲ ಎಂದು ಕಾಣುತ್ತದೆ. ಇನ್ನು ಇಲಿ ಏನು ತಿನ್ನುತ್ತದೋ ನೋಡೋಣ.

ತಂಗೆವ್ವ ಅದನ್ನು ತಿರುಗಿಸಿ ನೋಡಿ, ಸೆಲ್ಲು ಹಾಕುವುದೆಲ್ಲ ಆಟಿಕೆ ಸಾಮಾನು ಎಂದಳು. ಹೆಂಡತಿಯ ಮೆಚ್ಚುಗೆ ಗಳಿಸುವ ಸಾಮಾನು ಇನ್ನೂ ಅಂಗಡಿಗೆ ಬಂದಿಲ್ಲ.

ಬೀಜದ ಕಂಪನಿಯವರು ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ಈ ವರ್ಷ ಬರೆಯಬೇಕು ಅನ್ನಿಸಿದೆ, ಯಾಕೆಂದರೆ ಮೇ ತಿಂಗಳಲ್ಲಿ ಮೀನಾಳ ಮದುವೆ. ಒಬ್ಬಳೇ ಮಗಳು. ರಾಮದುರ್ಗದ ಬೀಗರು ಮರ್ಯಾದಸ್ತರು. ಈ ಬೈಲಹೊಂಗಲದಲ್ಲಿ ಅರ್ಧ ಊರಿನ ಲಗ್ನಪತ್ರಿಕೆ ಜೋಡಿಸಿದವನು ನಾನು, ಮೊದಲು ಅಚ್ಚಿನ ಮೊಳೆಯಲ್ಲಿ, ಈಗ ಕಂಪ್ಯೂಟರಿನಲ್ಲಿ. ಮಡಿವಾಳೆಪ್ಪನ ಕೈಗುಣ ಚಲೋ, ಅವನು ಮಾಡಿದ ಪತ್ರಿಕೆಯ ಮದುವೆ ಕೆಟ್ಟಿಲ್ಲ ಎಂದು ಜನ ಹೇಳುತ್ತಾರೆ. ಸುಳ್ಳೇ ಇರಬಹುದು, ಕೇಳಲು ಹಿತವಾಗಿರುತ್ತದೆ.

ಮಗಳ ಪತ್ರಿಕೆಯ ಒಂದಕ್ಷರವನ್ನೂ ಬೇರೆ ಕೈ ಮುಟ್ಟಬಾರದು. ಮೀನಾ ಟೈಪಿಂಗ್ ಕಲಿತಿದ್ದಾಳೆ, ನಾನೇ ಮಾಡುತ್ತೇನೆ ಎಂದಳು. ನೀನು ಮಡಚು, ಮೂಲೆಗೆ ಅರಿಷಿಣ ಹಚ್ಚು, ಅಷ್ಟು ಸಾಕು ಅಂದೆ.

ಜನವರಿ 13

ಸೆಟ್ ಚೆನ್ನಾಗಿದೆ. ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ಒರಗಿ, ಸಾಹುಕಾರನ ಹಾಗೆ ಒತ್ತುತ್ತೇನೆ. ಗಿರಾಕಿಗಳು ಮೇಜಿನ ಕೆಳಗೆ ಬಗ್ಗಿ ವಾಯರ್ ಹುಡುಕುತ್ತಾರೆ. ಪಕ್ಕದ ಅಂಗಡಿಯ ಭೀಮಶಿ ಬಂದು ಬಹಳ ಹೊತ್ತು ನೋಡಿದ. ಅವನದು ತಾಲೂಕು ಕಚೇರಿಯ ಅರ್ಜಿ ಬರೆಯುವ ಕೆಲಸ. ಎಲ್ಲಿ ತಂದಿರಿ ಎಂದು ಕೇಳಿದ, ಹೇಳಿದೆ. ಅವನ ಕಣ್ಣಲ್ಲಿ ಆಸೆ ಕಂಡಿತು.

ಜನವರಿ 23

ಇದನ್ನು ಬರೆಯಬೇಕೋ ಬೇಡವೋ ಗೊತ್ತಿಲ್ಲ. ಮಧ್ಯಾಹ್ನ ನೇಸರಗಿಯವರ ಪತ್ರಿಕೆ ಮಾಡುತ್ತಿದ್ದೆ. ಮದುಮಗಳ ಹೆಸರು ಒತ್ತಿ, ಕನ್ನಡಕ ಒರೆಸಿಕೊಳ್ಳಲು ಕೈ ತೆಗೆದೆ. ಎರಡೂ ಕೈ ಕನ್ನಡಕದ ಮೇಲಿದ್ದವು. ಪರದೆಯ ಮೇಲೆ, ಆ ಹುಡುಗಿಯ ಹೆಸರಿನ ಪಕ್ಕದಲ್ಲಿ, ಒಂದೊಂದೇ ಅಕ್ಷರ ತಾನಾಗಿ ಮೂಡಿತು. ಮ. ಯ. ತ.

ಮಯತ. ಕಚೇರಿಯ ಕಾಗದಗಳಲ್ಲಿ ಸತ್ತವರ ಹೆಸರಿಗೆ ಹಚ್ಚುವ ಮಾತು. ಅಳಿಸಿದೆ. ಕಂಪ್ಯೂಟರ್ ಬಂದ್ ಮಾಡಿ ಹೊರಗೆ ಹೋಗಿ ಚಹಾ ಕುಡಿದು ಬಂದೆ. ಯಾರಿಗೂ ಹೇಳಿಲ್ಲ.

ಜನವರಿ 24

ಮತ್ತೆ ಬಂತು. ಈ ಸಲ 'ಮಯತಳ ವಾರಸುದಾರರು' ಎಂದು ಪೂರ್ತಿ ಬಂತು. ನಾನು ದೆವ್ವ ಗಾಳಿ ನಂಬುವವನಲ್ಲ. ಕೀಬೋರ್ಡಿನ ಮೂಲೆಗೆ ಸ್ವಲ್ಪ ವಿಭೂತಿ ಹಚ್ಚಿದೆ, ಅಷ್ಟೇ.

ಜನವರಿ 25

ನಗಬೇಕೋ ಭೀಮಶಿಗೆ ಬಡಿಯಬೇಕೋ. ಬೆಳಿಗ್ಗೆ ಅವನೇ ಒಂದು ಅರ್ಜಿ ಹಿಡಿದುಕೊಂಡು ಬಂದ.

"ಸಾವ್ಕಾರ್ರ, ನನ್ನ ವಾರಸಾ ಅರ್ಜ್ಯಾಗ ನಿಮ್ಮ ಲಗ್ನ ಹೊಕ್ಕೈತಿ ನೋಡ್ರಿ."

ಅದರಲ್ಲಿ 'ಮಯತ ಗುರವ್ವ ಇವಳ ವಾರಸುದಾರರ ಶುಭವಿವಾಹ' ಎಂದಿತ್ತು. ಕಚೇರಿಯ ಗುಮಾಸ್ತ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಭೀಮಶಿ ನನಗೆ ಹೇಳದೆ ಅದೇ ಅಂಗಡಿಯಿಂದ ಅದೇ ಸೆಟ್ ತಂದಿದ್ದಾನೆ. ನಡುವೆ ಒಂದು ಇಟ್ಟಂಗಿ ದಪ್ಪದ ಗೋಡೆ. ಅವನು ಒತ್ತಿದ್ದು ನನ್ನ ಡಬ್ಬಿಗೂ ನಾನು ಒತ್ತಿದ್ದು ಅವನ ಡಬ್ಬಿಗೂ ಹೋಗುತ್ತಿದೆ. ಅಗ್ಗದ ಸಾಮಾನಿಗೆ ಮನೆ ಯಾವುದು ಎಂಬ ಗುರುತಿಲ್ಲ.

ಮೊದಲು ತಂದವನು ನಾನು. ಅವನು ಗೊಣಗುತ್ತ ತನ್ನದನ್ನು ಬಿಚ್ಚಿ, ವಾಯರ್ ಇರುವ ಹಳೆಯದನ್ನೇ ಹಾಕಿಕೊಂಡ. ರಾತ್ರಿ ಊಟಕ್ಕೆ ಕುಳಿತಾಗ ತಂಗೆವ್ವನಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಮದುವೆ ಇರುವ ಮನೆಯಲ್ಲಿ ಅದನ್ನು ಯಾಕೆ ಇಟ್ಟುಕೊಳ್ಳುತ್ತೀರಿ, ಮರಳಿ ಕೊಡಿ ಎಂದಳು.

ಫೆಬ್ರವರಿ 2

ಗೋಡೆಯಾಚೆಯಿಂದ ಇನ್ನೂ ಏನೋ ಬರುತ್ತಿದೆ. ಈಗ ಪೂರ್ತಿ ಮಾತು ಬರುವುದಿಲ್ಲ, ಒಂದಕ್ಷರಕ್ಕೆ ಎರಡು ಬೀಳುತ್ತವೆ. ಲ ಒತ್ತಿದರೆ ಲಲ, ನ ಒತ್ತಿದರೆ ನನ. ಭೀಮಶಿ ಕದ್ದು ಮತ್ತೆ ಸೆಟ್ ಹಚ್ಚಿದ್ದಾನೆ ಎಂದು ಸಿಟ್ಟಿನಿಂದ ಎದ್ದು ಹೋದೆ. ಅವನ ಅಂಗಡಿಗೆ ಬೀಗ. ಹುಣ್ಣಿಮೆಗೆಂದು ಹೆಂಡತಿಯನ್ನು ಕರೆದುಕೊಂಡು ನಿನ್ನೆಯೇ ಸವದತ್ತಿ ಗುಡ್ಡಕ್ಕೆ ಹೋಗಿದ್ದಾನಂತೆ.

ಹಾಗಾದರೆ ಈ ಬೀದಿಯಲ್ಲಿ ಇನ್ನೊಬ್ಬ ಇದ್ದಾನೆ. ಝೆರಾಕ್ಸಿನವನನ್ನು ಕೇಳಿದೆ, ಔಷಧಿ ಅಂಗಡಿಯವನನ್ನು ಕೇಳಿದೆ, ಗೊಬ್ಬರದ ಅಂಗಡಿಯ ಒಳಗೇ ಹೋಗಿ ಮೇಜು ನೋಡಿ ಬಂದೆ. ಎಲ್ಲರದೂ ವಾಯರಿನದೇ. ಯಾರೋ ಸುಳ್ಳು ಹೇಳುತ್ತಿದ್ದಾರೆ.

ಫೆಬ್ರವರಿ 17

ಈಗ ಮೌಸಿನ ಸರದಿ. ಬಾಣ ನಿಲ್ಲುವುದಿಲ್ಲ. ಮೌಸಿನ ಮೇಲೆ ಕೈ ಇಟ್ಟು ಸುಮ್ಮನೆ ಕುಳಿತರೂ ಪರದೆಯ ಮೇಲೆ ಬಾಣ ಗಡಗಡ ಅಲುಗುತ್ತದೆ. ನಿನ್ನೆಯ ಶಿವರಾತ್ರಿ ಉಪವಾಸಕ್ಕೆ ನನ್ನ ಕೈ ನಡುಗಿದ್ದರೆ ಅರ್ಥವಿತ್ತು, ಮೌಸು ಯಾವ ಉಪವಾಸ ಮಾಡಿತ್ತು? ಕೆಳಗೆ ರಟ್ಟು ಹಾಕಿದೆ, ನೋಟುಬುಕ್ಕು ಹಾಕಿದೆ, ತಂಗೆವ್ವನ ಹಳೆಯ ಇಳಕಲ್ ಸೀರೆಯ ತುಂಡು ಹಾಕಿದೆ. ಹೊಸ ಸೆಲ್ಲು ಹಾಕಿದೆ. ಹಳೆಯದು ಹೊಸದು ಕಲೆಯಬಾರದೆಂದು ಹೊಸದರ ಬೆನ್ನಿಗೆ ಪೆನ್ನಿನಿಂದ ಗೀಟು ಎಳೆದಿದ್ದೇನೆ.

ಚಹಾ ಕೊಡಲು ಬಂದ ತಂಗೆವ್ವ ನಿಂತು ನೋಡಿದಳು. ನಾನು ಹಿಡಿದ ಬಸಿಯಲ್ಲಿ ಚಹಾದ ಕಪ್ಪು ಕಟಕಟ ಅನ್ನುತ್ತಿತ್ತು. ಹೊಸ ಬಸಿಗಳ ತಳ ಸರಿ ಇಲ್ಲ.

"ಒಮ್ಮೆ ಧಾರವಾಡಕ ಹೋಗಿ ತೋರಿಸ್ಕೊಂಡ ಬರೂಣೇನ್ರಿ?" ಅಂದಳು.

ತಂದದ್ದು ಬೆಳಗಾವಿಯಿಂದ, ಧಾರವಾಡದವನು ಯಾಕೆ ರಿಪೇರಿ ಮಾಡುತ್ತಾನೆ ಅಂದೆ. ಅವಳು ಬಸಿ ತೆಗೆದುಕೊಂಡು ಹೊರಟುಹೋದಳು. ನನ್ನ ಕೈಯ ಬಗ್ಗೆ ಯಾರಿಗಾದರೂ ಸಂಶಯವಿದ್ದರೆ ಬೆಳಿಗ್ಗೆ ಪೂಜೆಯ ಹೊತ್ತಿಗೆ ಬರಲಿ. ಎಡ ಅಂಗೈಯ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಕುಳಿತೆನೆಂದರೆ ಅದು ಕಲ್ಲಿನಲ್ಲಿ ನೆಟ್ಟ ಹಾಗೆ ಇರುತ್ತದೆ.

ಫೆಬ್ರವರಿ 28

ಬ್ಯಾಂಕಿನಲ್ಲಿ ಸಹಿ ತಾಳೆಯಾಗುವುದಿಲ್ಲ ಎಂದು ಹಣ ತೆಗೆಯುವ ಚೀಟಿ ಮರಳಿಸಿದರು. ಇಪ್ಪತ್ತು ವರ್ಷದಿಂದ ನನ್ನ ಮುಖ ನೋಡುತ್ತಿರುವ ಮನುಷ್ಯ ಕನ್ನಡಕ ಏರಿಸಿ, ಹಳೆಯ ಸಹಿ ದೊಡ್ಡದಿದೆ, ಇದು ಇರುವೆ ಸಾಲಿನಂತಿದೆ, ಸರಿಯಾಗಿ ಮಾಡಿ ಎಂದ. ದಾರಕ್ಕೆ ಕಟ್ಟಿದ ಅವರ ಪೆನ್ನಿನಿಂದ ಇನ್ನೆಂಥ ಸಹಿ ಬರುತ್ತದೆ ಎಂದು ನಾಲ್ಕು ಜನರೆದುರು ಜೋರು ಮಾಡಿ ಬಂದೆ.

ಮಾರ್ಚ್ 7

ಆಗಬಾರದ್ದು ಆಯಿತು.

ಉಗರಗೋಳದ ಮಹಾದೇವಪ್ಪ ಅಜ್ಜನ ಮೊಮ್ಮಗನ ಮದುವೆಯ ಪತ್ರಿಕೆ ಹೋದ ವಾರ ಮಾಡಿಕೊಟ್ಟಿದ್ದೆ. ನನ್ನ ಕೈಯ ಮೇಲಿನ ನಂಬಿಕೆಯಿಂದ ಅವರು ಪ್ರೂಫನ್ನೂ ನೋಡಿರಲಿಲ್ಲ. ಇವತ್ತು ಅಜ್ಜ ಮಗನನ್ನು ಕರೆದುಕೊಂಡು ತಾನೇ ಬಸ್ಸು ಹಿಡಿದು ಬಂದ. ಮಗ ಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ಒಗೆದ. ಅಜ್ಜ ನಿಧಾನವಾಗಿ ಕುರ್ಚಿಯಲ್ಲಿ ಕುಳಿತು, ಓದು ತಮ್ಮಾ ಎಂದ.

ಓದಿದೆ. 'ಲಿಂ. ಮಹಾದೇವಪ್ಪ ಅವರ ಮೊಮ್ಮಗ.'

ಲಿಂ. ಅಂದರೆ ಲಿಂಗೈಕ್ಯ. ತೀರಿಕೊಂಡ ಹಿರಿಯರ ಹೆಸರಿಗೆ ಮಾತ್ರ ಹಾಕುವುದು. ಮೊಳೆಯ ಕಾಲದಿಂದ ಇಲ್ಲಿಯವರೆಗೆ ಉಸಿರಾಡುವ ಮನುಷ್ಯನಿಗೆ ಅದನ್ನು ಹಾಕಿದವನಲ್ಲ ನಾನು.

"ಎಲ್ಲಾ ಕಡೆ ಹಂಚಿ ಆಗೈತಿ," ಅಂದ ಅಜ್ಜ. "ನಾ ಓಣ್ಯಾಗ ಹೊಂಟ್ರ ಮಂದಿ ನನ್ನ ಮಾರಿ ನೋಡಿ ಕದಾ ಹಾಕ್ಕೋತಾರ. ಉಣ್ಣಾಕ ಹತ್ತೇನೆವ್ವಾ, ಇನ್ನಾ ಹೋಗಿಲ್ಲ ಅಂತ ಹೇಳ್ಕೋತ ತಿರಗಾಕ ಹತ್ತೇನಿ."

ಅವನು ನಕ್ಕ. ಮಗ ನಗಲಿಲ್ಲ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಮೇಲಿನ ಸಾಲಿನಲ್ಲಿ ಹೆಣ್ಣಿನ ಕಡೆಯ ಅಜ್ಜ ತೀರಿಕೊಂಡವರು, ಅವರಿಗೆ ಲಿಂ. ಇತ್ತು. ಬಾಣ ನಿಲ್ಲದೆ ಜಾರಿ, ಅದನ್ನು ಎಳೆದು ತಂದು ಕೆಳಗಿನ ಹೆಸರಿಗೆ ಅಂಟಿಸಿಬಿಟ್ಟಿದೆ. ಸೆಟ್ಟಿನ ದೋಷ. ಅಜ್ಜ ಸೆಟ್ಟಿನ ಕಡೆ ನೋಡಲೇ ಇಲ್ಲ. ಮೇಜಿನ ಮೇಲಿದ್ದ ನನ್ನ ಬಲಗೈಯನ್ನೇ ನೋಡುತ್ತಿದ್ದ. ಆಮೇಲೆ ತನ್ನ ಕೈಯನ್ನು ಅದರ ಮೇಲೆ ಇಟ್ಟ. ಎಂಬತ್ತು ದಾಟಿದ ಕೈ, ಒಣಕಟ್ಟಿಗೆಯ ಹಾಗಿತ್ತು, ಅಲುಗಲಿಲ್ಲ. ಅದರ ಕೆಳಗೆ ನನ್ನದು ಸಿಟ್ಟಿಗೆ ನಡುಗುತ್ತಿತ್ತು.

"ಕಾರ್ಡಿಂದು ಹೋಗ್ಲಿ ತಮ್ಮಾ. ಇದನ್ನ ಲಗೂನ ತೋರಿಸ್ಕೋ."

ತೋರಿಸುತ್ತೇನೆ, ಬೆಳಗಾವಿಗೆ ಹೋಗಿ ಆ ಅಂಗಡಿಯವನ ಮುಖಕ್ಕೇ ಹಿಡಿಯುತ್ತೇನೆ ಅಂದೆ. ಅಜ್ಜ ಎದ್ದ. ಹೊಸ ಪತ್ರಿಕೆ ಮಾಡಿಕೊಡುತ್ತೇನೆಂದರೆ ಮಗ ಬೇಡವೆಂದ.

ಮಾರ್ಚ್ 15

ಬೆಳಗಾವಿಗೆ ಹೋಗಿ ಬಂದೆ. ಅಂಗಡಿಯವನು ನನ್ನ ಸೆಟ್ಟನ್ನು ತನ್ನ ಕಂಪ್ಯೂಟರಿಗೆ ಹಚ್ಚಿದ. ಅವನ ಕೈಯಲ್ಲಿ ಎಲ್ಲ ನೆಟ್ಟಗಿತ್ತು, ಒಂದಕ್ಷರಕ್ಕೆ ಒಂದೇ ಬಿತ್ತು. ಕಳ್ಳ ಸಾಮಾನು ಒಡೆಯನನ್ನು ನೋಡಿ ಸುಮ್ಮನಾಗಿದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಸೀಜನ್ನಿನಲ್ಲಿ ಅಂಗಡಿ ಇಷ್ಟು ಖಾಲಿ ಇದ್ದದ್ದು ನೆನಪಿಲ್ಲ. ಆದರೂ ಒಂದು ಒಳ್ಳೆಯದಾಗಿದೆ. ಈ ಡೈರಿಯ ಪುಟದಲ್ಲಿ ಮೊದಲು ಒಂದು ದಿನದ ಸಂಗತಿಯೇ ಹಿಡಿಸುತ್ತಿರಲಿಲ್ಲ, ಈಗ ಮೂರು ದಿನದ್ದು ಬರೆದರೂ ಜಾಗ ಉಳಿಯುತ್ತದೆ. ಬರವಣಿಗೆಯಲ್ಲಿ ಹಿಡಿತ ಬಂದಿದೆ.

ಮಾರ್ಚ್ 22

ಯುಗಾದಿಯ ಮರುದಿನ ಮಹಾದೇವಪ್ಪ ಅಜ್ಜ ತೀರಿಕೊಂಡನಂತೆ. ಬೆಳಿಗ್ಗೆ ಭೀಮಶಿ ಹೇಳಿದ. ಹೇಳುವಾಗ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.

ವಯಸ್ಸಾಗಿತ್ತು. ಯಾರಾದರೂ ಅದನ್ನೇ ಹೇಳಬೇಕು. ಯಾರೂ ಹೇಳುತ್ತಿಲ್ಲ. ಮಣ್ಣಿಗೆ ಹೋಗಬೇಕೆಂದಿದ್ದೆ, ತಂಗೆವ್ವ ಬೇಡವೆಂದಳು. ನನ್ನ ಕೈ ಹಿಡಿದ ಆ ಕೈ ಮಣ್ಣಾಯಿತು ಎಂದು ದಿನವಿಡೀ ಸಂಕಟವಾಯಿತು.

ಮಾರ್ಚ್ 26

ಚಹಾದ ಅಂಗಡಿಯಲ್ಲಿ ನಾನು ಹೋದ ಕೂಡಲೇ ಮಾತು ನಿಂತಿತು. ಮಡಿವಾಳೆಪ್ಪನ ಕೈಗುಣ ಈಗ ತಿರುಗಿದೆಯಂತೆ. ಅವನು ಯಾರಿಗೆ ಲಿಂ. ಹಾಕುತ್ತಾನೋ ಅವರು ಹೋಗುತ್ತಾರಂತೆ. ನನ್ನ ಉಪ್ಪಿಟ್ಟು ತಿಂದವರೇ ಹೇಳುತ್ತಿದ್ದಾರೆ.

ಮಾರ್ಚ್ 30

ಸಂಬಂಧ ಹೊಂದಿಸಿದ ಸಿದ್ದಲಿಂಗವ್ವ ಬಂದಿದ್ದಳು. ತಂಗೆವ್ವನ ಜೊತೆ ಅಡುಗೆಮನೆಯಲ್ಲಿ ಬಹಳ ಹೊತ್ತು ಪಿಸುಪಿಸು ಮಾಡಿ, ಕೊನೆಗೆ ನನ್ನ ಎದುರಿಗೆ ಬಂದು ಕುಳಿತಳು.

"ಬೀಗರು ಮತ್ತೇನೂ ಅನ್ನೂದಿಲ್ಲರಿ. ಪತ್ರಿಕಾ ಅಷ್ಟ ನಿಮ್ಮ ಕೈಲಿಂದ ಬ್ಯಾಡಂತಾರ. ಅಲ್ಲಿ ಅವರ ಅವ್ವ ಹಾಸಗ್ಯಾಗ ಅದಾಳ, ಅಂಜಾಕ ಹತ್ಯಾರ."

ಮಗಳು ಬೇಕು, ಮಗಳ ತಂದೆಯ ಕೈ ಬೇಡವೇ ಎಂದೆ. ಇನ್ನೂ ಏನೇನೋ ಅನ್ನುವವನಿದ್ದೆ. ಬಾಗಿಲಲ್ಲಿ ಮೀನಾ ನಿಂತಿದ್ದಳು. ಅವಳ ಮುಖ ನೋಡಿ ಬಾಯಿ ಮುಚ್ಚಿದೆ.

ಒಂದು ತಪ್ಪಿಲ್ಲದ ಪತ್ರಿಕೆ ಮಾಡಿ ನಾನೇ ರಾಮದುರ್ಗಕ್ಕೆ ಒಯ್ದು ಬೀಗರ ಕೈಯಲ್ಲಿಡುತ್ತೇನೆ. ಓದಿ ಆಮೇಲೆ ಹೇಳಲಿ.

ಏಪ್ರಿಲ್ 3

ಮೀನಾಳ ಪತ್ರಿಕೆ ಶುರು ಮಾಡಿದೆ. ಹೊಸ ಸೆಲ್ಲು, ಹೊಸ ಗೀಟು. ಬೆಳಗಿನಿಂದ ಸಂಜೆಯವರೆಗೆ ಕುಳಿತು ಅವಳ ಹೆಸರು ಮತ್ತು ಅಳಿಯನ ಹೆಸರು ಮುಗಿಸಿದೆ. ಮೀನಾ ಎಂದು ಒತ್ತಿದರೆ ಮೀನನನಾ. ಅಳಿಸಿದರೆ ಅಳಿಸಬಾರದ್ದೂ ಅಳಿಯುತ್ತದೆ.

ಏಪ್ರಿಲ್ 5

ಅಜ್ಜನ ಸಾಲು, ತಂದೆಯ ಸಾಲು. ನಮ್ಮ ಅಪ್ಪ ರುದ್ರಪ್ಪ ಹೋಗಿ ಬಹಳ ವರ್ಷವಾಯಿತು. 'ಲಿಂ. ರುದ್ರಪ್ಪ ಅವರ ಮೊಮ್ಮಗಳು' ಎಂದು ಒತ್ತಿ, ಕೆಳಗೆ ನನ್ನ ಹೆಸರು ಹಾಕಿದೆ. ಮೇಲಿನದನ್ನು ಸ್ವಲ್ಪ ಬಲಕ್ಕೆ ಸರಿಸೋಣವೆಂದು ಮೌಸು ಹಿಡಿದೆ. ಬಾಣ ಲಿಂ. ಅನ್ನು ಹಿಡಿದುಕೊಂಡು ಗಡಗಡ ಅಲುಗುತ್ತ ಕೆಳಗೆ ಇಳಿಯಿತು. ನಾನು ನೋಡುತ್ತಲೇ ಇದ್ದೆ. ಅದನ್ನು ನನ್ನ ಹೆಸರಿನ ಮುಂದೆ ಬಿಟ್ಟಿತು.

ಲಿಂ. ಮಡಿವಾಳೆಪ್ಪ.

ತೆಗೆಯಲು ಹೋದೆ. ಬಾಣ ಅದರ ಸುತ್ತ ತಿರುಗಿತೇ ಹೊರತು ಅದರ ಮೇಲೆ ಕೂರಲಿಲ್ಲ. ಎಷ್ಟು ಹೊತ್ತು ಹಾಗೆ ಮಾಡಿದೆನೋ. ಹಿಂದಿನಿಂದ ಮೀನಾ ಬಂದದ್ದು ಗೊತ್ತಾಗಲಿಲ್ಲ. ಮೆಲ್ಲಗೆ ನನ್ನ ಕೈಯ ಕೆಳಗಿನಿಂದ ಮೌಸು ತೆಗೆದುಕೊಂಡಳು.

ಅವಳ ಕೈಯಲ್ಲಿ ಬಾಣ ನಿಂತಿತು.

ಆ ಅಕ್ಷರ ಅಳಿಸಿ, ಮೌಸನ್ನು ಮತ್ತೆ ನನ್ನ ಮುಂದಿಟ್ಟು ಮನೆಗೆ ಹೋದಳು. ಸೆಲ್ಲು ಬದಲಿಸಿರಬೇಕು ಎಂದು ಮೌಸು ತೆರೆದು ನೋಡಿದೆ. ನಾನೇ ಎಳೆದ ಗೀಟು ಇತ್ತು.

ಏಪ್ರಿಲ್ 9

ಸೆಟ್ಟನ್ನು ಕಪಾಟಿಗೆ ಹಾಕಿದೆ. ಭೀಮಶಿಯಿಂದ ಅವನ ವಾಯರಿನ ಕೀಬೋರ್ಡು ಕೇಳಿ ತಂದೆ. ದಿನವಿಡೀ ಅದರಲ್ಲೇ ಅರ್ಜಿ ಹೊಡೆಯುತ್ತಾನೆ, ಒಂದು ದೂರಿಲ್ಲ. ಕಣ್ಣಿಗೆ ಕಾಣುವ ದಪ್ಪನೆಯ ವಾಯರ್. ಗಾಳಿಯ ಮಾತೇ ಇಲ್ಲ.

ಲಲ. ನನ. ಮೀನನಾ.

ಭೀಮಶಿಯ ಕೀಬೋರ್ಡೂ ಕೆಟ್ಟಿದೆ. ಅವನಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ.

ಏಪ್ರಿಲ್ 11

ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕುಳಿತೆ. ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ದೃಷ್ಟಿ ನಿಲ್ಲಿಸಿದೆ. ದೃಷ್ಟಿ ನಿಂತಿತು, ಲಿಂಗ ನಿಲ್ಲಲಿಲ್ಲ. ಪತ್ರಿ ಉದುರಿ ಮಡಿಲಿಗೆ ಬಿತ್ತು. ಲಿಂಗ ಅಂಗೈಯ ಮೇಲೆ ಅತ್ತಿತ್ತ ಹೊರಳತೊಡಗಿತು.

ಎಡಗೈ. ಮೌಸನ್ನು ಒಂದು ದಿನವೂ ಹಿಡಿಯದ ಕೈ. ಇದಕ್ಕೆ ಸೆಲ್ಲಿಲ್ಲ, ಡಬ್ಬಿಯಿಲ್ಲ, ಆಚೆಗೆ ಭೀಮಶಿಯಿಲ್ಲ. ಬಹಳ ಅಂಜಿಕೆಯಾಯಿತು. ಬಿದ್ದರೆ ಏನು ಗತಿ ಎಂದು ಬಲಗೈ ಕೆಳಗೆ ಹಿಡಿದೆ, ಅದು ಇನ್ನೂ ಜೋರಾಗಿ ಅಲುಗಿತು. ತಂಗೆವ್ವ ನೀರಿನ ತಂಬಿಗೆ ಕೆಳಗಿಟ್ಟು ಬಂದು, ಎದುರಿಗೆ ಕುಳಿತು, ತನ್ನ ಎರಡೂ ಅಂಗೈಗಳನ್ನು ನನ್ನ ಕೈಗಳ ಕೆಳಗೆ ಇಟ್ಟಳು. ಹಾಗೇ ಪೂಜೆ ಮುಗಿಸಿದೆ.

"ಸೋಮಾರ ಧಾರವಾಡದ ದವಾಖಾನಿಗೆ ಹೋಗೂಣ್ರಿ," ಅಂದಳು.

ಹೂಂ ಅಂದೆ. ಅವಳು ಅವತ್ತು ಚಹಾ ಕೊಡುವಾಗ ಏನು ಕೇಳಿದ್ದಳೆಂದು ಈಗ ತಿಳಿಯಿತು.

ಅಂಗಡಿಗೆ ಮೀನಾಳನ್ನು ಕರೆದುಕೊಂಡು ಹೋದೆ. ಕಪಾಟಿನಿಂದ ಸೆಟ್ ತೆಗೆದು ಹಚ್ಚಿ, ನೀನು ಕುಳಿತುಕೋ ಅಂದೆ. ನಾನು ಬಾಯಲ್ಲಿ ಹೇಳಿದೆ, ಅವಳು ಒತ್ತಿದಳು. ಒಂದಕ್ಷರಕ್ಕೆ ಒಂದೇ ಬಿತ್ತು, ಮಳೆಹನಿಯ ಹಾಗೆ ಪಟಪಟ. ಬೀಗರು ಕೇಳಿದ ಹಾಗೆಯೇ ಆಯಿತು, ನನ್ನ ಕೈ ಮುಟ್ಟಲಿಲ್ಲ. ಅಜ್ಜನ ಸಾಲು ಮುಗಿಸಿ ನನ್ನ ಹೆಸರಿಗೆ ಬಂದಳು. 'ಶ್ರೀ' ಒತ್ತುವ ಮೊದಲು ಅವಳ ಬೆರಳು ನಿಂತಿತು. ತಿರುಗಿ ನನ್ನನ್ನು ನೋಡಿದಳು. ಕಣ್ಣು ತುಂಬಿದ್ದವು.

"ನನ್ನ ಮಾರಿ ಏನ್ ನೋಡ್ತೀಯವ್ವಾ," ಅಂದೆ. "ಶ್ರೀ ಒತ್ತು."